ಡೀಸೆಲ್ ಪಿಕಪ್‌ನಲ್ಲಿ ರೇಸ್ ಸಿಕ್ಕಿಕೊಂಡರೆ: ಪೆಡಲಿನಿಂದ ಪಂಪಿನ ತನಕ

ಕಾಲು ತೆಗೆದ ಮೇಲೂ ರೇಸ್ ಇಳಿಯುತ್ತಿಲ್ಲ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ಮೊದಲು ಬೆರಳು ತೋರಿಸುವುದು ಎಂಜಿನ್ನಿಗೆ ಡೀಸೆಲ್ ಅಳೆದು ಚಿಮ್ಮಿಸುವ ಪಂಪಿನ ಕಡೆಗೆ. ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳಿಸಿದರೆ ಸಾವಿರಗಟ್ಟಲೆ ಖರ್ಚು, ಜೊತೆಗೆ ಬಾಡಿಗೆಯೂ ಹೋಯಿತು. ವಾಪಸ್ ತಂದು ಕೂರಿಸಿದ ಮೇಲೆ ನೋಡಿದರೆ ಮತ್ತೆ ಅದೇ ರೇಸ್. ದೋಷ ಇದ್ದದ್ದು ಕಾಲಡಿಯ ಮ್ಯಾಟಿನಲ್ಲೋ ತುಕ್ಕು ಹಿಡಿದ ಕೇಬಲ್ಲಿನಲ್ಲೋ ಆಗಿರುತ್ತದೆ. ಆದ್ದರಿಂದ ಕಾಲಿನ ಕಡೆಯಿಂದ ಶುರು ಮಾಡಿ ಪಂಪಿನ ಕಡೆಗೆ ಹೋಗಬೇಕು. ಪಂಪಿಗೆ ಸ್ಪ್ಯಾನರ್ ಹಾಕುವುದು ಎಲ್ಲಕ್ಕಿಂತ ಕೊನೆಯ ಕೆಲಸ.

ಶುರು ಮಾಡುವ ಮೊದಲು ನಿಮ್ಮ ಗಾಡಿ ಯಾವ ಜಾತಿಯದು ಎಂದು ತಿಳಿದುಕೊಳ್ಳಿ. ಟಾಟಾ 207 ಡಿಐ, ಮೊದಮೊದಲ ಬೊಲೆರೊ ಪಿಕಪ್ ತರಹದ ಹಳೆಯ ಗಾಡಿಗಳಲ್ಲಿ ಪೆಡಲಿನಿಂದ ಪಂಪಿನ ಲಿವರ್‌ವರೆಗೆ ಒಂದು ತಂತಿ ಕೇಬಲ್ ಓಡುತ್ತದೆ. ಕಾಮನ್ ರೈಲ್ ಎಂಜಿನ್ (ಭಾರಿ ಒತ್ತಡದ ಡೀಸೆಲ್ಲನ್ನು ಕಂಪ್ಯೂಟರ್ ಲೆಕ್ಕದಲ್ಲಿ ಚಿಮ್ಮಿಸುವ ಬಗೆ) ಇರುವ ಹೊಸ ಗಾಡಿಗಳಲ್ಲಿ ಕೇಬಲ್ಲೇ ಇಲ್ಲ. ಪೆಡಲಿನಲ್ಲಿ ಒಂದು ಸೆನ್ಸರ್ ಕೂತಿದ್ದು, ಕಾಲು ಎಷ್ಟು ಒತ್ತಿದೆ ಎಂಬುದನ್ನು ವಯರ್ ಮೂಲಕ ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಹೇಳುತ್ತದೆ. ಟಾರ್ಚ್ ಹಿಡಿದು ಪೆಡಲಿನ ಮೇಲ್ತುದಿ ನೋಡಿ. ತಂತಿ ಸಿಕ್ಕಿಸಿದ್ದರೆ ಹಳೆಯ ಪದ್ಧತಿ, ವಯರಿನ ಕನೆಕ್ಟರ್ ಇದ್ದರೆ ಹೊಸ ಪದ್ಧತಿ.

ಇನ್ನೊಂದು ಮಾತು. ಪೆಟ್ರೋಲ್ ಎಂಜಿನ್ನಿನಲ್ಲಿ ಪೆಡಲ್ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತದೆ. ಡೀಸೆಲ್ಲಿನಲ್ಲಿ ಗಾಳಿ ಹೇಗೂ ಹೋಗುತ್ತಲೇ ಇರುತ್ತದೆ, ಪೆಡಲ್ ತೀರ್ಮಾನಿಸುವುದು ಎಷ್ಟು ಡೀಸೆಲ್ ಚಿಮ್ಮಬೇಕು ಎಂಬುದನ್ನು ಮಾತ್ರ. ಹಾಗಾಗಿ ಕಾರಿನವರು ಹೇಳುವ "ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ" ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ಕೆಲವು ಕಾಮನ್ ರೈಲ್ ಗಾಡಿಗಳ ಗಾಳಿ ದಾರಿಯಲ್ಲೂ ಒಂದು ಬಾಗಿಲು ಇರುತ್ತದೆ, ನಿಜ. ಆದರೆ ಅದು ಮಸಿ ಕಟ್ಟಿ ಸಿಕ್ಕಿಕೊಂಡರೆ ಆಗುವುದು ಕಪ್ಪು ಹೊಗೆ, ಎಳೆತ ಕಮ್ಮಿ, ಆಫ್ ಮಾಡುವಾಗ ಎಂಜಿನ್ ಗಡಗಡ ಅಲುಗುವುದು. ರೇಸ್ ಏರಿ ನಿಲ್ಲುವುದಕ್ಕೆ ಅದನ್ನು ದೂರಬೇಡಿ.

ಓಡುವಾಗಲೇ ಸಿಕ್ಕಿಕೊಂಡರೆ

ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್‌ಗೆ ತಂದು, ಬ್ರೇಕನ್ನು ಗಟ್ಟಿಯಾಗಿ ಒಂದೇ ಸಮ ಒತ್ತಿ ಹಿಡಿಯಿರಿ. ನ್ಯೂಟ್ರಲ್‌ಗೆ ಬಂದ ಕೂಡಲೇ ಎಂಜಿನ್ ಕಿರುಚುತ್ತದೆ. ಆ ಸದ್ದಿಗೆ ಹೆದರಿ ಮತ್ತೆ ಗೇರ್ ಹಾಕಬೇಡಿ. ಪಂಪಿನೊಳಗಿನ ಗವರ್ನರ್ ಅಥವಾ ಇಸಿಯು ಒಂದು ಮಿತಿ ದಾಟಲು ಬಿಡುವುದಿಲ್ಲ, ಅಷ್ಟು ಹೊತ್ತು ಎಂಜಿನ್ ತಡೆದುಕೊಳ್ಳುತ್ತದೆ.

ಗಾಡಿ ಪೂರ್ತಿ ನಿಂತ ಮೇಲೆ ಕೀ ಆಫ್ ಮಾಡಿ, ಮೊದಲೇ ಬೇಡ. ಡೀಸೆಲ್ ಗಾಡಿಯ ಬ್ರೇಕ್ ಹಗುರ ಮಾಡುವ ಬೂಸ್ಟರ್‌ಗೆ ವ್ಯಾಕ್ಯೂಮ್ ಕೊಡುವುದು ಎಂಜಿನ್ನಿನಿಂದ ತಿರುಗುವ ಬೇರೊಂದು ಪಂಪ್, ಬಹಳ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಎಂಜಿನ್ ನಿಂತರೆ ಒಂದೆರಡು ಸಲ ಒತ್ತುವಷ್ಟು ಬ್ರೇಕ್ ಮಾತ್ರ ಹಗುರವಾಗಿರುತ್ತದೆ, ಆಮೇಲೆ ಕಲ್ಲಿನಂತೆ ಗಟ್ಟಿ. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಓಡುವಾಗಲೇ ಆಫ್ ಮಾಡಲೇಬೇಕಾಗಿ ಬಂದರೆ ಕೀಯನ್ನು ಒಂದು ಹಂತ ಮಾತ್ರ ಹಿಂದೆ ತಿರುಗಿಸಿ. ಪೂರ್ತಿ ತಿರುಗಿಸಿ ಹೊರಗೆಳೆದರೆ ಸ್ಟೀರಿಂಗ್ ಲಾಕ್ ಬೀಳುತ್ತದೆ.

ಪೆಡಲಿನ ಕೆಳಗೆ ಕಾಲ್ಬೆರಳು ತೂರಿಸಿ ಒಂದು ಸಲ ಎತ್ತಿ ನೋಡಬಹುದು. ಕೈ ಹಾಕಲು ಬಗ್ಗಬೇಡಿ. ಶಿರಾಡಿ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಹೀಗಾದರೆ ಬೆಟ್ಟದ ಮಗ್ಗುಲಿಗೆ ಗಾಡಿ ತಂದು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಮುಂದಿನ ಮಾತು. ಪೆಡಲ್ ತಾನಾಗಿ ಬಿಟ್ಟುಕೊಂಡಿತು ಅಂತ ಲೋಡ್ ಸಮೇತ ಮತ್ತೆ ಘಾಟಿಗೆ ಇಳಿಸಬೇಡಿ. ಒಮ್ಮೆ ಸಿಕ್ಕಿಕೊಂಡದ್ದು ಮತ್ತೊಮ್ಮೆ ಸಿಕ್ಕಿಕೊಳ್ಳುತ್ತದೆ.

ಕೀ ತೆಗೆದರೂ ಎಂಜಿನ್ ನಿಲ್ಲದೆ ಹೊಗೆ ಕಾರುತ್ತಿದ್ದರೆ ಅದು ಬೇರೆಯೇ ಪ್ರಕರಣ. ಅದನ್ನು ಕೊನೆಯ ಭಾಗದಲ್ಲಿ ಬರೆದಿದ್ದೇನೆ. ತುರ್ತು ಇದ್ದವರು ನೇರ ಅಲ್ಲಿಗೇ ಹೋಗಿ.

ಪೆಡಲೇ ಮೇಲೆ ಬರುತ್ತಿಲ್ಲ

ಎಂಜಿನ್ ಆಫ್ ಮಾಡಿ ಪೆಡಲನ್ನು ಕೈಯಿಂದ ಒತ್ತಿ ಬಿಡಿ. ಟಪ್ ಎಂದು ಮೇಲೆ ಬರಬೇಕು. ಸೋಮಾರಿಯಂತೆ ನಿಧಾನ ಬಂದರೆ, ಅರ್ಧಕ್ಕೆ ನಿಂತರೆ, ಮೊದಲು ಮ್ಯಾಟ್ ತೆಗೆದು ಹೊರಗೆ ಹಾಕಿ ಮತ್ತೆ ಒತ್ತಿ ನೋಡಿ. ಆಯುಧ ಪೂಜೆಗೆ ಅಂತ ದಪ್ಪ ಮ್ಯಾಟ್ ಹಾಕಿಸಿದ ಮೇಲೆ ಈ ದೂರು ಶುರುವಾಗಿದ್ದರೆ ಬೇರೆಲ್ಲೂ ಹುಡುಕುವುದೇ ಬೇಡ. ಹಳೆಯ ಮ್ಯಾಟಿನ ಮೇಲೆ ಹೊಸದನ್ನು ಹಾಸಿದರೆ ಇನ್ನೂ ಅಪಾಯ, ಮೇಲಿನದು ಜಾರಿ ಪೆಡಲಿನ ತುದಿಗೆ ಹತ್ತುತ್ತದೆ. ನೀರಿನ ಬಾಟಲಿ ಸೀಟಿನಡಿಯಿಂದ ಉರುಳಿ ಬ್ರೇಕ್ ಕೆಳಗೆ ಹೋಗುವುದು ಇದಕ್ಕಿಂತಲೂ ಕೆಟ್ಟದ್ದು, ಅದಕ್ಕೆ ಬಾಗಿಲಿನಲ್ಲಿ ಜಾಗ ಮಾಡಿ.

ಮ್ಯಾಟ್ ಇಲ್ಲದೆಯೂ ಸಿಕ್ಕಿಕೊಂಡರೆ ಪೆಡಲಿನ ಕೀಲು ನೋಡಿ. ಗದ್ದೆ ಕೆಸರು, ಸಿಮೆಂಟ್ ಪುಡಿ, ಕ್ವಾರಿ ಧೂಳು, ತೆಂಗಿನ ನಾರು ಎಲ್ಲವೂ ಚಪ್ಪಲಿಯಲ್ಲಿ ಒಳಗೆ ಬಂದು ಆ ಪಿನ್ನಿನ ಸುತ್ತ ಕೂರುತ್ತವೆ. ಮಳೆಗಾಲದ ತೇವಕ್ಕೆ ಸಿಮೆಂಟ್ ಅಲ್ಲೇ ಗಟ್ಟಿಯಾಗುವುದೂ ಉಂಟು. ಬ್ರಷ್‌ನಿಂದ ಉಜ್ಜಿ, ಗಾಳಿ ಹೊಡೆದು, ಒಂದು ಹನಿ ಎಣ್ಣೆ ಬಿಡಿ. ಪೆಡಲನ್ನು ಪಕ್ಕಕ್ಕೆ ಅಲ್ಲಾಡಿಸಿ. ಬಹಳ ಆಟವಾಡಿದರೆ ಬುಷ್ ಸವೆದಿದೆ, ಪೆಡಲ್ ವಾಲಿ ಪಕ್ಕದ ತಗಡಿಗೆ ಉಜ್ಜುತ್ತಿದೆ ಎಂದರ್ಥ. ಉಜ್ಜಿದ ಕಡೆ ಪೇಂಟ್ ಹೋಗಿ ಕಬ್ಬಿಣ ಹೊಳೆಯುತ್ತಿರುತ್ತದೆ. ಆ ಹೊಳಪು ಕಂಡರೆ ಬುಷ್ ಬದಲಿಸಿ.

ಪೆಡಲ್ ಮೇಲೆ ಬಂದಿದೆ, ರೇಸ್ ಇಳಿದಿಲ್ಲ (ಕೇಬಲ್ ಗಾಡಿ)

ಇಲ್ಲಿ ಒಂದೇ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಪಂಪಿನ ಲಿವರಿನಿಂದ ಕೇಬಲ್ ತುದಿಯನ್ನು ಬಿಚ್ಚಿ. ಈಗ ಲಿವರನ್ನು ಬೆರಳಿನಿಂದ ಪೂರ್ತಿ ತಳ್ಳಿ ಬಿಡಿ. ಸ್ಪ್ರಿಂಗ್ ಎಳೆದು ಅದು ಐಡಲ್ ಸ್ಕ್ರೂಗೆ (ಕಾಲು ತೆಗೆದಾಗಿನ ಕನಿಷ್ಠ ವೇಗದಲ್ಲಿ ಲಿವರನ್ನು ನಿಲ್ಲಿಸುವ ಸ್ಕ್ರೂ) ಟಕ್ ಎಂದು ಬಡಿಯಬೇಕು. ಬಡಿದರೆ ಪಂಪಿನ ಹೊರಭಾಗ ಸರಿಯಿದೆ, ದೋಷ ಬಹುತೇಕ ಕೇಬಲ್ಲಿನಲ್ಲಿ. ಲಿವರ್ ನಡುವೆಯೇ ನಿಂತರೆ ಕೇಬಲ್ ನಿರಪರಾಧಿ, ಪಂಪಿನ ಭಾಗಕ್ಕೆ ಹೋಗಿ.

ಕೇಬಲ್ ಎಂದು ಗೊತ್ತಾದ ಮೇಲೆ ಒಬ್ಬರು ಪೆಡಲ್ ಒತ್ತಿ ಬಿಡಲಿ, ನೀವು ಬಿಚ್ಚಿದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಾ ಇರಿ. ಒಳತಂತಿ ಬೆಣ್ಣೆಯಂತೆ ಜಾರಬೇಕು. ಕರಕರ ಎಂದು ಬೆರಳಿಗೆ ಸಿಕ್ಕರೆ ಒಳಗೆ ತುಕ್ಕು ಅಥವಾ ಮಣ್ಣು. ಒಂದು ಜಾಗದಲ್ಲಿ ಮಾತ್ರ ತಡೆದು, ಜೋರಾಗಿ ಎಳೆದಾಗ ಪಟ್ ಎಂದು ಹೋದರೆ ಎಳೆ ಕಿತ್ತಿದೆ. ಹತ್ತಾರು ಎಳೆಗಳಲ್ಲಿ ಒಂದು ತುಂಡಾಗಿ ಅದರ ಮೊನೆ ಔಟರಿನ (ತಂತಿಯ ಹೊರಕವಚದ) ಬಾಯಿಗೆ ಮುಳ್ಳಿನಂತೆ ಚುಚ್ಚಿಕೊಂಡಿರುತ್ತದೆ. ಅರ್ಧ ಪೆಡಲಿನಲ್ಲಿ ಸರಿಯಿದ್ದು, ಪೂರ್ತಿ ಒತ್ತಿದಾಗ ಮಾತ್ರ ಸಿಕ್ಕಿಕೊಳ್ಳುವ ಗಾಡಿಗಳಲ್ಲಿ ಬಹಳ ಸಲ ಇದೇ ಕಾರಣ. ಕಣ್ಣಿಗೆ ಕಾಣದಿದ್ದರೆ ತಂತಿಯ ಮೇಲೆ ಹತ್ತಿ ಸವರಿ. ಹತ್ತಿಯ ಎಳೆ ಸಿಕ್ಕಿದ ಕಡೆ ಮುಳ್ಳಿದೆ. ಬೆರಳಿನಿಂದ ಸವರಬೇಡಿ, ಕುಯ್ಯುತ್ತದೆ.

ಕೇಬಲ್ ಹೋಗುವ ದಾರಿಯನ್ನೂ ನೋಡಿ. ಚೂಪಾಗಿ ಮಡಚಿದೆಯೇ? ಟರ್ಬೊ, ಸೈಲೆನ್ಸರ್ ಪೈಪಿಗೆ ತಾಗಿ ಔಟರ್ ಕರಗಿದೆಯೇ? ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಮಾತ್ರ ರೇಸ್ ಹಿಡಿಯುತ್ತದೆ ಅನ್ನುವ ದೂರಿಗೆ ಉತ್ತರ ಇಲ್ಲಿ ಸಿಗುತ್ತದೆ.

ಹೊಸ ಕೇಬಲ್ ಹಾಕಿ ಕೆಲವೇ ವಾರಕ್ಕೆ ಮತ್ತೆ ಸಿಕ್ಕಿಕೊಂಡಿತೇ? ಹಾಗಿದ್ದರೆ ಕೇಬಲ್ ಅಂಗಡಿಯವರನ್ನು ಬೈಯುವ ಮೊದಲು ಎಂಜಿನ್ನಿನ ಅರ್ತ್ ನೋಡಿ. ಎಂಜಿನ್ನಿಂದ ಚಾಸಿಗೆ ಹೋಗುವ ದಪ್ಪ ಅರ್ತ್ ಪಟ್ಟಿ ಕಿತ್ತಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ, ಸೆಲ್ಫ್ ಹೊಡೆದಾಗ ಸ್ಟಾರ್ಟರಿನ ಕರೆಂಟ್ ವಾಪಸ್ ಹೋಗಲು ಸಿಕ್ಕಿದ ದಾರಿ ಹಿಡಿಯುತ್ತದೆ, ಆ ದಾರಿ ಕೆಲವೊಮ್ಮೆ ಆಕ್ಸಿಲರೇಟರ್ ಕೇಬಲ್. ನೂರಾರು ಆಂಪಿಯರ್ ಹೊರಲಾರದೆ ತಂತಿ ಕಾಯುತ್ತದೆ, ಒಳಗಿನ ನೈಲಾನ್ ಪದರ ಕರಗಿ ತಂತಿಗೆ ಅಂಟುತ್ತದೆ. ಸೆಲ್ಫ್ ನಿಧಾನ ತಿರುಗುವುದು ಮತ್ತು ಕೇಬಲ್ ಪದೇ ಪದೇ ಹೋಗುವುದು ಎರಡೂ ಒಟ್ಟಿಗೆ ಇದ್ದರೆ ನನಗೆ ಮೊದಲ ಅನುಮಾನ ಇದರ ಮೇಲೆಯೇ. ಪರೀಕ್ಷೆ ಸುಲಭ: ಜಂಪರ್ ಕೇಬಲ್ ಒಂದನ್ನು ಬ್ಯಾಟರಿಯ ಮೈನಸ್‌ನಿಂದ ಎಂಜಿನ್ನಿನ ಬರೀ ಕಬ್ಬಿಣಕ್ಕೆ ಸಿಕ್ಕಿಸಿ ಸೆಲ್ಫ್ ಹೊಡೆಯಿರಿ. ಮೊದಲಿಗಿಂತ ಚುರುಕಾಗಿ ತಿರುಗಿದರೆ ಅರ್ತ್ ಕೆಟ್ಟಿದೆ. ಅರ್ತ್ ಪಟ್ಟಿ ಸರಿ ಮಾಡಿದ ಮೇಲೆ ಕೇಬಲ್ ಹಾಕಿ.

ಕೇಬಲ್ಲಿಗೆ ಗ್ರೀಸ್ ತುಂಬುವ ಚಾಳಿ ಬೇಡ. ಒಳಗೆ ನೈಲಾನ್ ಪದರ ಇರುವ ಕೇಬಲ್ ಒಣಗಿದ್ದರೇ ಚೆನ್ನ, ಗ್ರೀಸಿಗೆ ಧೂಳು ಅಂಟಿ ಅದೇ ಅರೆಯುವ ಪುಡಿಯಾಗುತ್ತದೆ. ಹಳೆಯ ಬರೀ ಉಕ್ಕಿನ ಔಟರ್ ಆದರೆ ತೆಳು ಎಣ್ಣೆ ನಾಲ್ಕು ಹನಿ ಬಿಡಬಹುದು, ಹೊಸ ಕೇಬಲ್ ತರುವ ತನಕ ಮಾತ್ರ.

ಇನ್ನು "ಇನ್ನೊಂದು ಸ್ಪ್ರಿಂಗ್ ಹಾಕಿದರೆ ಆಯ್ತು ಬಿಡಣ್ಣ" ಎಂಬ ಉಪಾಯ. ರಸ್ತೆ ಬದಿಯಲ್ಲಿ ಇದು ಎಲ್ಲರಿಗೂ ಗೊತ್ತು, ಅರ್ಧ ಗಂಟೆಯಲ್ಲಿ ಗಾಡಿ ಹೊರಡುತ್ತದೆ ಕೂಡ. ಆದರೆ ತುಕ್ಕು ಹಿಡಿದ ಕೇಬಲ್ಲಿಗೆ ಗಟ್ಟಿ ಸ್ಪ್ರಿಂಗ್ ಸೇರಿದರೆ ಕಾಲು ಇನ್ನೂ ಜೋರಾಗಿ ಒತ್ತುತ್ತದೆ, ಕೀಳುತ್ತಿದ್ದ ಎಳೆಗಳು ಇನ್ನೂ ಬೇಗ ಕೀಳುತ್ತವೆ. ಮೂಲ ಸ್ಪ್ರಿಂಗ್ ಸಡಿಲವಾಗಿದ್ದರೆ, ಕೊಂಡಿ ಸವೆದಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿ. ಎರಡನೆಯ ಸ್ಪ್ರಿಂಗ್ ಕಾಯಿಲೆ ಮುಚ್ಚಿಡುತ್ತದೆ ಅಷ್ಟೇ.

ಹೊಸ ಕೇಬಲ್ ಕೂರಿಸಿದ ಮೇಲೆ ಪೆಡಲ್ ಬಿಟ್ಟಾಗ ತಂತಿಯಲ್ಲಿ ಎರಡು ಮೂರು ಮಿ.ಮೀ. ಸಡಿಲ ಇರಲಿ. ಬಿಗಿಯಾಗಿದ್ದರೆ ಲಿವರ್ ಐಡಲ್ ಸ್ಕ್ರೂ ಮುಟ್ಟುವುದೇ ಇಲ್ಲ, ಐಡಲ್ ಏರಿಯೇ ಇರುತ್ತದೆ. ಪೆಡಲ್ ಪೂರ್ತಿ ಒತ್ತಿದಾಗ ಲಿವರ್ ಆ ಕಡೆಯ ಸ್ಕ್ರೂವರೆಗೂ ಹೋಗುತ್ತದೆಯೇ ಎಂದೂ ನೋಡಿ.

ಹೊಂಡ ಹಾರಿದಾಗ, ಕ್ಲಚ್ ಬಿಟ್ಟಾಗ ತಾನಾಗಿ ರೇಸ್ ಏರುತ್ತದೆ

ನಿಂತಲ್ಲಿ ನೋಡಿದರೆ ಎಲ್ಲ ಸರಿ, ಲೋಡ್ ಹಾಕಿ ಏರು ಹತ್ತಿಸುವಾಗ ಮಾತ್ರ ತೊಂದರೆ. ಎಂಜಿನ್ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಹೀಗಾಗುತ್ತದೆ. ಎಂಜಿನ್ ವಾಲಿದಾಗ ಅದರ ಜೊತೆ ಪಂಪೂ ಸರಿದು ಕೇಬಲ್ಲನ್ನು ತಾನೇ ಎಳೆದುಕೊಳ್ಳುತ್ತದೆ. ಬಾನೆಟ್ ತೆರೆದು, ಅನುಭವವಿರುವ ಡ್ರೈವರ್ ಒಬ್ಬರು ಬ್ರೇಕ್ ಗಟ್ಟಿ ಹಿಡಿದು ಕ್ಲಚ್ಚನ್ನು ಸ್ವಲ್ಪವೇ ಬಿಡಲಿ. ನೀವು ಪಕ್ಕದಲ್ಲಿ ನಿಂತು ನೋಡಿ, ಗಾಡಿಯ ಮುಂದೆ ಯಾರೂ ನಿಲ್ಲಕೂಡದು. ಎಂಜಿನ್ ಎದ್ದು ಕೂತಂತೆ ಅಲುಗಿದರೆ ಮೌಂಟಿಂಗ್ ಬದಲಿಸಬೇಕು.

ಕೇಬಲ್ ಬಿಚ್ಚಿದರೂ ಲಿವರ್ ವಾಪಸ್ ಬರುತ್ತಿಲ್ಲ

ಮೊದಲು ಲಿವರಿನ ಬುಡ ತೊಳೆಯಿರಿ. ಡೀಸೆಲ್ ಜಿನುಗಿ ಅದಕ್ಕೆ ಧೂಳು ಕೂತು ಜಿಡ್ಡಿನ ಗಡ್ಡೆಯಾಗಿರುತ್ತದೆ. ಬ್ರಷ್, ಸ್ವಲ್ಪ ಡೀಸೆಲ್ ಸಾಕು. ಎಸಿ ಇರುವ ಗಾಡಿಯಲ್ಲಿ ಐಡಲ್ ಏರಿಸಲು ಲಿವರಿಗೆ ಒತ್ತುವ ಚಿಕ್ಕ ವ್ಯಾಕ್ಯೂಮ್ ಡಬ್ಬಿ ಇರಬಹುದು. ಎಸಿ ಆಫ್ ಮಾಡಿದ ಮೇಲೂ ಅದರ ಕಡ್ಡಿ ಹಿಂದೆ ಸರಿಯದಿದ್ದರೆ ದೋಷ ಅಲ್ಲಿದೆ.

ತೊಳೆದ ಮೇಲೂ ಲಿವರ್ ಬಿಗಿಯಾಗಿದ್ದರೆ, ಅಥವಾ ಲಿವರ್ ಸಲೀಸಾಗಿ ಬಂದು ಸ್ಕ್ರೂಗೆ ಬಡಿದರೂ ರೇಸ್ ಇಳಿಯದಿದ್ದರೆ ತೊಂದರೆ ಪಂಪಿನ ಒಳಗಿದೆ. ಟ್ಯಾಂಕಿಗೆ ನೀರು ಸೇರಿ, ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಒಳಗಿನ ಭಾಗಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತವೆ. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಕೂಡ ಹಾಗೇ ಮಾಡುತ್ತದೆ. ಪಂಪಿನ ಒಳಭಾಗಕ್ಕೆ ಡೀಸೆಲ್ಲೇ ಎಣ್ಣೆ, ಸೀಮೆಎಣ್ಣೆಗೆ ಆ ಜಿಡ್ಡಿನ ಗುಣ ಸಾಲದು. ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿದು ಕಾಲು ಗಂಟೆ ಬಿಡಿ. ತಳದಲ್ಲಿ ನೀರು ಬೇರೆಯಾಗಿ ಕೂತರೆ ಕಾರಣ ಕೈಗೆ ಸಿಕ್ಕಿತು. ಐಡಲ್ ಒಂದೇ ಸಮನೆ ಏರುತ್ತಾ ಇಳಿಯುತ್ತಾ ಇದ್ದರೆ ಅದು ಸಿಕ್ಕಿಕೊಂಡದ್ದಲ್ಲ, ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿರುವ ಸಂಭವ ಹೆಚ್ಚು. ಏರ್ ತೆಗೆಸಿ ನೋಡಿ.

ಇದರಾಚೆಗೆ ನಿಮ್ಮ ಕೈ ನಿಲ್ಲಬೇಕು. ಪಂಪಿನ ಮೇಲೆ ಸೀಲ್ ಹಾಕಿದ ಸ್ಕ್ರೂ ಇರುತ್ತದೆ, ಅದು ಎಂಜಿನ್ನಿನ ಗರಿಷ್ಠ ವೇಗ ಕಾಯುವ ಸ್ಕ್ರೂ. ಅದನ್ನು ತಿರುಗಿಸಿದರೆ ಗವರ್ನರ್ ಇದ್ದೂ ಇಲ್ಲದಂತೆ. ಪಂಪ್ ಪರೀಕ್ಷಿಸುವ ಬೆಂಚ್ ಇರುವ ಕಡೆ ಕೊಡಿ, ಟ್ಯಾಂಕ್ ಮಾತ್ರ ಮೊದಲೇ ತೊಳೆಸಿ. ಇಲ್ಲದಿದ್ದರೆ ರಿಪೇರಿಯಾದ ಪಂಪಿಗೆ ಅದೇ ನೀರು ಹೋಗುತ್ತದೆ.

ಕೇಬಲ್ ಇಲ್ಲದ ಗಾಡಿಯಲ್ಲಿ ರೇಸ್ ನಿಂತುಕೊಂಡರೆ

ಮ್ಯಾಟ್ ಮತ್ತು ಪೆಡಲ್ ಕೀಲಿನ ತಪಾಸಣೆ ಇಲ್ಲಿಯೂ ಮೊದಲು. ಆಮೇಲೆ ಪೆಡಲಿನ ಕನೆಕ್ಟರ್. ಕ್ಯಾಬಿನ್ ಒಳಗೆ ನೀರು ಹೊಡೆದು ತೊಳೆಯುವವರ ಗಾಡಿಯಲ್ಲಿ ಪಿನ್ನುಗಳು ಹಸಿರು ಹಿಡಿದಿರುತ್ತವೆ, ಗೋದಾಮಿನ ಬಳಿ ನಿಲ್ಲುವ ಗಾಡಿಯಲ್ಲಿ ಇಲಿ ವಯರ್ ಕಡಿದಿರುತ್ತದೆ.

ಪೆಡಲಿನಲ್ಲಿ ಸೆನ್ಸರ್ ಎರಡು ಇರುತ್ತವೆ, ಇಸಿಯು ಎರಡನ್ನೂ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಅದು ರೇಸ್ ಏರಿಸುವುದಿಲ್ಲ. ಎಂಜಿನ್ ಲೈಟ್ ಹಾಕಿ ಪವರ್ ಕಡಿಮೆ ಮಾಡುತ್ತದೆ. ಆದ್ದರಿಂದ ಪೆಡಲ್ ಎಷ್ಟು ಒತ್ತಿದರೂ ಗಾಡಿ ಎಳೆಯುತ್ತಿಲ್ಲ ಅನ್ನುವ ದೂರೂ ಪೆಡಲ್ ಸೆನ್ಸರಿನದೇ ಆಗಿರಬಹುದು. ಸ್ಕ್ಯಾನರ್ ಹಾಕಿಸಿ, ಕೋಡ್ ಅಳಿಸಿ ಕಳಿಸುವುದಕ್ಕೆ ಒಪ್ಪಬೇಡಿ, ಪೆಡಲಿನ ಶೇಕಡಾವಾರು ಅಂಕಿ ತೋರಿಸಲು ಕೇಳಿ. ಕಾಲು ತೆಗೆದಾಗ 0, ಒತ್ತುತ್ತಾ ಹೋದಂತೆ ಎಲ್ಲೂ ಹಾರದೆ 100ರ ಕಡೆಗೆ ಏರಬೇಕು. ಕಾಲಿಲ್ಲದೆಯೂ ಅಂಕಿ ಏರಿದ್ದರೆ ಪೆಡಲ್ ಅಸೆಂಬ್ಲಿ ಬದಲಿಸಿ, ಅದರೊಳಗೆ ಸ್ಪ್ರೇ ಹೊಡೆದು ಉಪಯೋಗವಿಲ್ಲ. ಅಂಕಿ 0 ಇದ್ದೂ ರೇಸ್ ಏರಿದ್ದರೆ ಇಂಧನ ಬೇರೆ ದಾರಿಯಿಂದ ಬರುತ್ತಿದೆ: ಸೋರುವ ಇಂಜೆಕ್ಟರ್, ಇಲ್ಲವೇ ಗಾಳಿ ದಾರಿಗೆ ಸೇರುತ್ತಿರುವ ಎಂಜಿನ್ ಆಯಿಲ್.

ಎಂಜಿನ್ ಓಡುವಾಗ ಕಾಮನ್ ರೈಲ್ ಪೈಪಿನ ನಟ್ ಸಡಿಲಿಸಬೇಡಿ. ಹಳೆಯ ಗಾಡಿಯಲ್ಲಿ ಏರ್ ತೆಗೆಯುವಂತೆ ಇಲ್ಲಿ ಮಾಡುವ ಹಾಗಿಲ್ಲ. ಒಳಗಿನ ಒತ್ತಡ ಲೋಡಿನಲ್ಲಿ 1,600 ಬಾರ್ ದಾಟುವುದುಂಟು. ಆ ಚಿಲುಮೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, "ಡೀಸೆಲ್ ಒಳಹೊಕ್ಕಿದೆ" ಎಂದು ಬಾಯಿಬಿಟ್ಟು ಹೇಳಿ.

ಸಿಕ್ಕಿಕೊಂಡಂತೆ ಕಾಣುವ, ಆದರೆ ಅದಲ್ಲದ ಎರಡು

ಏರಿನಲ್ಲಿ ಆರ್‌ಪಿಎಂ ಏರುತ್ತದೆ, ಗಾಡಿ ಮಾತ್ರ ವೇಗ ಹಿಡಿಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ, ಕಾಲು ತೆಗೆದರೆ ಕೂಡಲೇ ಇಳಿಯುತ್ತದೆ. ಇದು ಕ್ಲಚ್ ಪ್ಲೇಟ್ ಜಾರುವುದು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಗಾಡಿಗಳಲ್ಲಿ ಸೈಲೆನ್ಸರಿನ ಮಸಿ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳುವಾಗ ಐಡಲ್ ಸ್ವಲ್ಪ ಏರುತ್ತದೆ, ಬಿಸಿ ವಾಸನೆ ಬರುತ್ತದೆ. ಕೆಲ ನಿಮಿಷದಲ್ಲಿ ತಾನೇ ಸರಿಹೋಗುತ್ತದೆ. ಆಗ ಗಾಡಿಯನ್ನು ಒಣಹುಲ್ಲಿನ ಮೇಲೆ, ಕಣದಲ್ಲಿ ನಿಲ್ಲಿಸಬೇಡಿ, ಸೈಲೆನ್ಸರ್ ಬೆಂಕಿಯಷ್ಟು ಕಾದಿರುತ್ತದೆ.

ಕೀ ತೆಗೆದರೂ ಎಂಜಿನ್ ನಿಲ್ಲುತ್ತಿಲ್ಲ

ಎರಡು ಬಗೆ. ಎಂಜಿನ್ ಶಾಂತವಾಗಿ ಐಡಲ್‌ನಲ್ಲೇ ಓಡುತ್ತಿದೆ, ಆಫ್ ಮಾತ್ರ ಆಗುತ್ತಿಲ್ಲ ಅಂದರೆ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್ ಅಥವಾ ಸ್ಟಾಪ್ ಕೇಬಲ್ ಕೆಟ್ಟಿದೆ. ಪಂಪಿನ ಸ್ಟಾಪ್ ಲಿವರ್ ಕೈಯಿಂದ ತಳ್ಳಿ ನಿಲ್ಲಿಸಬಹುದು. ಹೆಗಲ ಮೇಲಿನ ಟವೆಲ್, ಪಂಚೆಯ ಚುಂಗು ಫ್ಯಾನ್ ಬೆಲ್ಟಿಗೆ ಸಿಗದಂತೆ ಮೊದಲು ಕಟ್ಟಿಕೊಳ್ಳಿ.

ರೇಸ್ ಏರುತ್ತಲೇ ಇದೆ, ಸೈಲೆನ್ಸರಿನಿಂದ ದಟ್ಟ ಬಿಳಿ ಅಥವಾ ನೀಲಿ ಹೊಗೆ ಬರುತ್ತಿದೆ ಅಂದರೆ ಎಂಜಿನ್ ತನ್ನ ಆಯಿಲ್ಲನ್ನೇ ಕುಡಿದು ಓಡುತ್ತಿದೆ. ಗವರ್ನರಿಗೂ ಇಸಿಯುಗೂ ಇದರ ಮೇಲೆ ಹಿಡಿತವಿಲ್ಲ. ಡೀಸೆಲ್ ಪೈಪ್ ಕಿತ್ತರೂ ನಿಲ್ಲದು. ಸೀಟಿನಲ್ಲೇ ಇದ್ದರೆ, ರೇಸ್ ಇನ್ನೂ ಏರಲು ಶುರುವಾಗಿರುವಾಗಲೇ, ಮುಂದೆ ಯಾರೂ ಇಲ್ಲವೆಂದು ನೋಡಿ, ಬ್ರೇಕ್ ಮತ್ತು ಹ್ಯಾಂಡ್ ಬ್ರೇಕ್ ಪೂರ್ತಿ ಹಿಡಿದು ಟಾಪ್ ಗೇರಿಗೆ ಹಾಕಿ ಕ್ಲಚ್ಚನ್ನು ಒಮ್ಮೆಲೇ ಬಿಡಿ. ಎಂಜಿನ್ ಬಂದ್ ಬೀಳುತ್ತದೆ. ರೇಸ್ ಆಗಲೇ ಮಿತಿ ಮೀರಿದ್ದರೆ ಇದು ಬೇಡ, ಕ್ಲಚ್ ಸಿಡಿಯಬಹುದು. ಇನ್ನುಳಿದದ್ದು ಗಾಳಿ ಕಟ್ಟುವುದು. ಏರ್ ಕ್ಲೀನರ್ ಬಾಯಿಗೆ ಹಲಗೆ ಅಥವಾ ದಪ್ಪ ರಬ್ಬರ್ ತುಂಡು ಒತ್ತಿ ಮುಚ್ಚಿ. ಅಂಗೈ ಇಡಬೇಡಿ, ಬಟ್ಟೆ ತುರುಕಬೇಡಿ, ಎಳೆದುಕೊಂಡುಬಿಡುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ಆ ಬಾಯಿಗೆ ಹೊಡೆಯಿರಿ. ಇವೆಲ್ಲ ಮೊದಲ ಕೆಲವು ಸೆಕೆಂಡಿನ ಕೆಲಸ. ಸದ್ದು ಆಗಲೇ ಸೀಟಿಯಂತಾಗಿದ್ದರೆ ಜನರನ್ನು ದೂರ ಕಳಿಸಿ, ನೀವೂ ದೂರ ಹೋಗಿ. ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬರುತ್ತದೆ. ಎಂಜಿನ್ ಹೋದರೆ ಹೋಗಲಿ.

ನಿಂತ ಮೇಲೆ "ಈಗ ಸರಿಯಾಗಿದೆಯಾ ನೋಡೋಣ" ಅಂತ ಮತ್ತೆ ಸೆಲ್ಫ್ ಹೊಡೆಯಬೇಡಿ. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಹೊಡೆದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಡಯಾಫ್ರಂ ಅಥವಾ ಇಂಜೆಕ್ಟರ್ ಮೂಲಕ ಡೀಸೆಲ್ ಕೆಳಗಿಳಿದಿದೆ. ಆಯಿಲ್ ಕಡಿಮೆಯಾಗಿದ್ದು ಟರ್ಬೊ ಪೈಪಿನೊಳಗೆ ಎಣ್ಣೆ ನಿಂತಿದ್ದರೆ ಟರ್ಬೊ ಸೀಲ್ ಹೋಗಿದೆ. ಗಾಡಿಯನ್ನು ಕಟ್ಟಿಕೊಂಡು ಗ್ಯಾರೇಜಿಗೆ ಒಯ್ಯಿರಿ, ಟರ್ಬೊ ಬದಲಿಸಿದ ಮೇಲೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ಬಿಚ್ಚಿ ಒಳಗೆ ನಿಂತ ಎಣ್ಣೆ ಚೆಲ್ಲಿ ತೊಳೆಸಿದ್ದಾರೆಯೇ ಎಂದು ಎದುರಿಗೇ ನಿಂತು ನೋಡಿ. ಅದನ್ನು ಬಿಟ್ಟರೆ ಹೊಸ ಟರ್ಬೊ ಹಾಕಿದ ಗಾಡಿಯೂ ಮೊದಲ ಸ್ಟಾರ್ಟಿಗೇ ಆ ಎಣ್ಣೆ ಕುಡಿದು ಮತ್ತೆ ಓಡಲು ಶುರುಮಾಡಬಹುದು.